ಹೊರಸಿನಿಂದ ಹಣ್ಣಿನ ಅಂಗಡಿಗೆ ಎಷ್ಟು ಹೊತ್ತು?

ಇದನ್ನು ಅಣ್ಣ–ತಮ್ಮ ನಾವಿಬ್ಬರೂ ಕೂಡಿ ಬರೆದಿದ್ದೇವೆ. ದೊಡ್ಡವನಿಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಕೈಗಳು ಗಟ್ಟಿಯಾಗಿವೆ. ಸಣ್ಣವ ವರದಿ ಬರೆಯುತ್ತಾನೆ, ಊರಲ್ಲಿದ್ದಾಗ ಕುರ್ಚಿ ತಳ್ಳುತ್ತಾನೆ. ಕಲಾದಗಿಯ ಹೊರಗಿನ ನಮ್ಮ ತೋಟದ ಮನೆಯಿಂದ ಬಾಗಲಕೋಟೆ–ಬೆಳಗಾವಿ ರಸ್ತೆ ಬದಿಯ ನಮ್ಮ ಹಣ್ಣಿನ ಅಂಗಡಿ 3 ಕಿ.ಮೀ. ದೂರ. ಚಿಕ್ಕು, ದಾಳಿಂಬೆ ಕೊಳ್ಳಲು ಕಾರು ನಿಲ್ಲಿಸುವವರು ಬೆಳಿಗ್ಗೆಯೇ ಬರುತ್ತಾರೆ. ದೊಡ್ಡವ ತಡವಾದರೆ ಆ ಹೊತ್ತಿನ ವ್ಯಾಪಾರ ಅವ್ವನ ಮೈಮೇಲೆ ಬೀಳುತ್ತದೆ. ಅವಳಿಗೂ ಈಗ ಮೊಣಕಾಲು ನೋವು.

ಹಾಗಾಗಿ ಜೋರಾಗಿ ಓಡುವ ಬ್ಯಾಟರಿ ಕುರ್ಚಿ ಹುಡುಕಿದೆವು. ಸಾಮಾನ್ಯ ಬ್ಯಾಟರಿ ಗಾಲಿಕುರ್ಚಿಯ ವೇಗ ಗಂಟೆಗೆ ಸುಮಾರು 6 ಕಿ.ಮೀ., ಅಂದರೆ ಚುರುಕಾಗಿ ನಡೆಯುವವರ ವೇಗ. ಅಂಗಡಿ ಮುಟ್ಟಲು ಅರ್ಧ ತಾಸು. ಇಂಥ ಕುರ್ಚಿ ಹುಟ್ಟಿದ್ದೇ ಬೇರೆ ಅಗತ್ಯಕ್ಕೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲು ಎರಡರ ಸ್ವಾಧೀನವನ್ನೂ ಕಳೆದುಕೊಂಡ ಸೈನಿಕರಿಗಾಗಿ ಕೆನಡಾದ ಇಂಜಿನಿಯರ್ ಜಾರ್ಜ್ ಕ್ಲೈನ್ ಅದನ್ನು ರೂಪಿಸಿದರು. ಕೈಗೂ ಬಲ ಇಲ್ಲದವರಿಗೆ ಇವತ್ತಿಗೂ ಅದೇ ಆಧಾರ. ಬ್ರಿಟನ್‌ನಲ್ಲಿ ಫುಟ್‌ಪಾತ್ ಮೇಲೆ ಹೋಗುವಾಗ ಇಂಥ ಕುರ್ಚಿ ಗಂಟೆಗೆ 4 ಮೈಲಿ ಮೀರುವಂತಿಲ್ಲ, ರಸ್ತೆಗಿಳಿಯಬಲ್ಲ ಬಗೆಗೆ 8 ಮೈಲಿಯ ಮಿತಿ. ನಮ್ಮ ದಾರಿಯಲ್ಲಿ ಫುಟ್‌ಪಾತೇ ಇಲ್ಲ. ಮೊದಲ ಗಜದಿಂದಲೇ ರಸ್ತೆ.

ಎಲ್ಲರೂ ಹೇಳಿದ್ದು ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರ್. ಪರಿಚಯದವರ ಗಾಡಿ ಕೇಳಿ ತಂದು ನೋಡಿದೆವು. ದಾರಿ 6 ನಿಮಿಷದಲ್ಲಿ ಮುಗಿಯಿತು. ಆದರೆ ಕುರ್ಚಿಯಿಂದ ಎತ್ತಿ ಸ್ಕೂಟರಿಗೆ ಕೂಡಿಸಲು ಇಬ್ಬರು ಬೇಕು. ಅಂಗಡಿ ಮುಂದೆ ಇಳಿಸಲು ಮತ್ತೆ ಇಬ್ಬರು. ಕುರ್ಚಿಯೋ ಮನೆಯಲ್ಲೇ ಉಳಿದಿತ್ತು.

“ತಮ್ಮಾ, ಗಾಡಿ ಓಡತೈತಿ ಖರೆ. ನಾ ಇಳಿಯೂದು ಯಾವಾಗ?” ಅಂದ ದೊಡ್ಡವ.

ಆ ಮಾತಿನ ಮೇಲೆ ನಾವು ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿದೆವು. ಮೀಟರಿನ ವೇಗ ಬಿಟ್ಟು, ಹೊರಸಿನಿಂದ ಎದ್ದು ತಕ್ಕಡಿ ಹಿಡಿಯುವವರೆಗಿನ ಹೊತ್ತು ಎಣಿಸತೊಡಗಿದೆವು. ಎತ್ತುವವರಿಗಾಗಿ ಕಾಯುವ ಹೊತ್ತೂ ಅದರಲ್ಲಿ ಸೇರಿತು. ಆ ಲೆಕ್ಕದಲ್ಲಿ ಸ್ಕೂಟರ್ ಎಲ್ಲಕ್ಕಿಂತ ನಿಧಾನ.

ಕೊನೆಗೆ ಆರಿಸಿದ್ದು ಕೈಯಿಂದ ನೂಕುವ ಕುರ್ಚಿಯ ಮುಂದೆ ಸಿಕ್ಕಿಸುವ ಮೋಟಾರು ಗಾಲಿ. ಅದಕ್ಕೆ ಸೈಕಲ್ಲಿನಂಥ ಹ್ಯಾಂಡಲ್, ಬ್ರೇಕು, ದೀಪ ಇರುತ್ತವೆ. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ, ಹಾಗಾಗಿ ಕಲ್ಲು, ಗುಂಡಿಗೆ ಸಿಗುವುದಿಲ್ಲ. ಮುಟ್ಟಿದ ಮೇಲೆ ಬಿಚ್ಚಿಟ್ಟರೆ ಅದೇ ಕುರ್ಚಿ ಅಂಗಡಿಯೊಳಗೂ ಹೋಗುತ್ತದೆ. ಮದ್ರಾಸ್ ಐಐಟಿಯಲ್ಲಿ ಬೆಳೆದ ‘ನಿಯೋಬೋಲ್ಟ್’ ಈ ಜಾತಿಯದು. 2021ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಸುಮಾರು 55,000 ರೂಪಾಯಿ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.

ಆದರೆ 25ರಲ್ಲಿ ನಾವು ಓಡಿಸುವುದಿಲ್ಲ. ಸ್ಪರ್ಶ ಇಲ್ಲದ ಮೈಗೆ ಕುಲುಕಾಟ ತಿಳಿಯುವುದಿಲ್ಲ. ಪಾದ ಜಾರಿ ನೆಲಕ್ಕೆ ಉಜ್ಜಿದರೂ ಗೊತ್ತಾಗದು. ಒಂದೇ ಕಡೆ ಒತ್ತಡ ಬಿದ್ದು ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕು, ಆಗ ಅಂಗಡಿಯೇ ಬಂದ್. ಅದಕ್ಕೇ ಒಳ್ಳೆಯ ದಿಂಬು, ಎದೆಗೊಂದು ಪಟ್ಟಿ, ಪಾದಕ್ಕೊಂದು ಪಟ್ಟಿ ಹಾಕುತ್ತೇವೆ. ಅರ್ಧ ತಾಸಿಗೊಮ್ಮೆ ಕೈಯೂರಿ ಮೈ ಎತ್ತುವುದನ್ನು ದೊಡ್ಡವ ತಪ್ಪಿಸುವುದಿಲ್ಲ. 12ರ ವೇಗದಲ್ಲಿ ದಾರಿಗೆ 15 ನಿಮಿಷ ಸಾಕು. ಮುಖ್ಯ ಮಾತೆಂದರೆ, ಯಾರನ್ನೂ ಕರೆಯದೆ ಹೊರಡುತ್ತಾನೆ. ಬಿಸಿಲೇರುವ ಹೊತ್ತಿಗೆ ಅವ್ವ ಮನೆಯಲ್ಲಿರುತ್ತಾಳೆ.

ಕುರ್ಚಿ ಕೊಳ್ಳುವವರಿಗೆ ನಾವು ಹೇಳುವುದು ಇಷ್ಟೇ: ಅಂಗಡಿಯವರು ಹೇಳುವ ವೇಗ ಕೇಳಿ, ಆಮೇಲೆ ಕೈಗಡಿಯಾರ ಹಿಡಿದು ಹೊರಸಿನಿಂದ ಎಣಿಸಿ. ನಡುವೆ ಎಷ್ಟು ಸಲ ಮಂದಿಯನ್ನು ಕರೆಯಬೇಕಾಯಿತು ಎಂಬುದನ್ನೂ ಬರೆದಿಡಿ. ಈ ಲೆಕ್ಕ ಕುರ್ಚಿಗಷ್ಟೇ ಅಲ್ಲ. ಸಾರ್ವಜನಿಕ ಕಟ್ಟಡಗಳಿಗೆ ಅಂಗವಿಕಲರು ಸರಾಗವಾಗಿ ಹೋಗುವಂತಿರಬೇಕು ಎಂದು 2016ರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೂ ವ್ಯಾಪಾರದ ದುಡ್ಡು ಕಟ್ಟಲು ಹೋದಾಗ ಮೂರು ಮೆಟ್ಟಿಲ ಮುಂದೆ ದೊಡ್ಡವ ಈಗಲೂ ಯಾರನ್ನಾದರೂ ಕೂಗಲೇಬೇಕು. ಅಲ್ಲಿ ಅವನ ವೇಗ ಸೊನ್ನೆ.