ಗೋಡೆಯ ಮೇಲೆ ಉಳಿದ ಹೆಸರುಗಳು: ಮಾನಿಯ ಕಿರು ಇಗರ್ಜಿಗಳು

ಗ್ರೀಸಿನ ದಕ್ಷಿಣದಲ್ಲಿರುವ ಪೆಲೊಪೊನೀಸ್ ಪರ್ಯಾಯದ್ವೀಪವು ಮೂರು ಬೆರಳುಗಳಂತೆ ಕಡಲಿಗೆ ಚಾಚಿಕೊಂಡಿದೆ. ನಡುವಿನ ಬೆರಳು ಮಾನಿ. ಟೈಗೆಟಸ್ ಪರ್ವತಶ್ರೇಣಿಯು ಇಲ್ಲಿ ಕಡಲಂಚಿನವರೆಗೂ ಇಳಿದುಬಂದಿದೆ. ನೀರು ವಿರಳ, ಮಣ್ಣು ಅದಕ್ಕಿಂತಲೂ ವಿರಳ. ಮಾನಿಯೆಂದೊಡನೆ ನೆನಪಾಗುವುದು ಕುಲವೈರದ ಕಾಲದ ಗೋಪುರಮನೆಗಳು. ಆದರೆ ಆಲಿವ್ ತೋಪುಗಳ ನಡುವೆ, ಊರಹಾದಿಯ ತಿರುವುಗಳಲ್ಲಿ ಅಡಗಿರುವ ಕಿರು ಇಗರ್ಜಿಗಳು ಆ ಗೋಪುರಗಳಿಗಿಂತ ಎಷ್ಟೋ ಹಳೆಯವು. ಹಲವಕ್ಕೆ ಒಂದೇ ಕೋಣೆ, ತಲೆಬಾಗಿಯೇ ಒಳಹೊಗಬೇಕು.

ಮಾನಿಯ ಕೋಟೆಯ ಜನ ದೀಕ್ಷಾಸ್ನಾನ ಪಡೆದದ್ದು ಬೆಸಿಲ್ ಚಕ್ರವರ್ತಿಯ (867–886) ಕಾಲದಲ್ಲಿ ಎಂದು ಅವನ ಮೊಮ್ಮಗನಾದ ಏಳನೆಯ ಕಾನ್‌ಸ್ಟಂಟೈನ್ ಬರೆದಿಟ್ಟಿದ್ದಾನೆ. ಇದೇ ನೆಲದಲ್ಲಿ ಅದಕ್ಕೂ ಬಹು ಹಿಂದಿನ ಬೆಸಿಲಿಕಾಗಳ ಅವಶೇಷಗಳು ದೊರೆತಿರುವುದರಿಂದ ಈ ಮಾತನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ. ಹಳೆಯ ದೇವರುಗಳಂತೂ ಇಲ್ಲಿಂದ ಸುಲಭವಾಗಿ ತೆರಳಲಿಲ್ಲ. ದಕ್ಷಿಣದ ತುತ್ತತುದಿಯಾದ ಟೈನರಾನ್ ಭೂಶಿರದಲ್ಲಿ ಪೊಸೈಡನ್ ದೇಗುಲದ ಕಲ್ಲುಗಳೇ ದೇವದೂತರ ಹೆಸರಿನ ಇಗರ್ಜಿಯ ಗೋಡೆಗಳಾದವು.

ಈ ಇಗರ್ಜಿಗಳನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಕಟ್ಟಡಗಳೇ ಉತ್ತರ ಕೊಡುತ್ತವೆ. ವಾಂವಕಾ ಎಂಬ ಊರಿನ ಸಂತ ಥಿಯೊಡೋರನ ಇಗರ್ಜಿಯಲ್ಲಿ 1075ರ ಬರಹವು ನಿಕೀಟಾಸ್ ಎಂಬ ಅಮೃತಶಿಲೆಯ ಶಿಲ್ಪಿಯ ಹೆಸರನ್ನು ಉಳಿಸಿದೆ. ಫ್ರಾಂಕರ ವಶದಲ್ಲಿದ್ದ ಮಾನಿಯ ಕೋಟೆ ಬೈಜಾಂಟಿಯನ್ ಚಕ್ರವರ್ತಿಗೆ ಮರಳಿದ್ದು 1262ರಲ್ಲಿ. ಮೂರು ವರ್ಷಗಳ ತರುವಾಯ, 1265ರಲ್ಲಿ, ಕೆಪೂಲಾ ಗ್ರಾಮದ ಇಗರ್ಜಿಯೊಂದು ಸಿದ್ಧವಾಯಿತು. ಅದರ ಶಾಸನದ ಪ್ರಕಾರ ತಗುಲಿದ ವೆಚ್ಚ ಹದಿನಾಲ್ಕೂವರೆ ಹೊನ್ನು. ಅದನ್ನು ಕೊಟ್ಟವನು ಒಬ್ಬ ಪ್ರಭುವಲ್ಲ. ಊರವರು ಕೂಡಿ ಹೊಂದಿಸಿದರು. ಪೊಲೆಮಿಟಾಸ್ ಗ್ರಾಮದ ಇಗರ್ಜಿಯ 1278ರ ಶಾಸನದಲ್ಲಿ ಸುಮಾರು ಮೂವತ್ತು ದಾನಿಗಳ ಪಟ್ಟಿಯೇ ಇದೆ. ಅವರು ಕೊಟ್ಟದ್ದು ಚೂರುಪಾರು ಹೊಲ, ಕೆಲವು ಆಲಿವ್ ಮರಗಳು. ಮಣ್ಣು ಇಷ್ಟು ದುರ್ಲಭವಾದ ನೆಲದಲ್ಲಿ ಒಂದು ಮರವನ್ನು ಬಿಟ್ಟುಕೊಡುವುದೆಂದರೆ ಮನೆಯ ಎಣ್ಣೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟಂತೆ.

ದಾನಶಾಸನಗಳನ್ನು ಓದಿ ಬಲ್ಲವರಿಗೆ ಈ ಪಟ್ಟಿ ಹೊಸದೆನಿಸದು. ಆದರೆ ಇಲ್ಲಿ ಹೆಸರು ಬರೆಸಿದ್ದರ ಉದ್ದೇಶ ಕೇವಲ ಕೀರ್ತಿಯಲ್ಲ. ಆರ್ಥೊಡಾಕ್ಸ್ ಆರಾಧನೆಯಲ್ಲಿ ಬದುಕಿರುವವರ ಮತ್ತು ಸತ್ತವರ ಹೆಸರುಗಳನ್ನು ಹೇಳಿ ಪ್ರಾರ್ಥಿಸುವ ಪದ್ಧತಿಯುಂಟು. ತಮ್ಮ ಹೆಸರು ಆ ಸ್ಮರಣೆಯಲ್ಲಿ ಸೇರಿರಬೇಕೆಂಬುದೇ ದಾನಿಗಳ ಬಯಕೆ. ಆ ದೃಷ್ಟಿಯಿಂದ ಆ ಗೋಡೆ ಊರಿನ ಪ್ರಾರ್ಥನೆಯ ಪಟ್ಟಿಯೇ ಹೌದು.

ಆ ಪಟ್ಟಿಯನ್ನು ಓದುವವರೇ ಇಂದು ವಿರಳ. ಇಪ್ಪತ್ತನೆಯ ಶತಮಾನದಲ್ಲಿ ಮಾನಿಯ ಜನ ಅಥೆನ್ಸ್, ಪೈರಿಯಸ್ ನಗರಗಳಿಗೂ ಕಡಲಾಚೆಯ ನಾಡುಗಳಿಗೂ ವಲಸೆ ಹೋದರು. ಎಷ್ಟೋ ಇಗರ್ಜಿಗಳ ಬೀಗ ತೆಗೆಯುವುದು ಸಂತನ ಹಬ್ಬದ ದಿನ ಮಾತ್ರ. ಪ್ರಾಕ್ತನ ಇಲಾಖೆಯವರು ಕೆಲವನ್ನು ದುರಸ್ತಿ ಮಾಡಿಸಿದ್ದಾರೆ. ಉಳಿದವುಗಳಲ್ಲಿ ತೇವ ಏರುತ್ತದೆ, ಗಾರೆ ಕಳಚುತ್ತದೆ. ಗಾರೆಯ ಒಂದು ಹಳಕು ಉದುರಿದರೆ ಸಂತನ ಮುಖವೊಂದು ಹೋಗಬಹುದು. ಅದಾದರೆ ಬೇರೆ ಗೋಡೆಗಳಲ್ಲಿ ಮತ್ತೆ ಕಾಣಸಿಗುತ್ತದೆ. ಎರಡು ಆಲಿವ್ ಮರ ಕೊಟ್ಟ ರೈತನ ಹೆಸರು ಅಳಿದರೆ ಅದು ಮತ್ತೆಲ್ಲಿಯೂ ಸಿಗಲಾರದು.

ಈ ಬರಹಗಳ ಮುಂದೆ ದೀಪ ಹಿಡಿದು ನಿಂತು ಒಂದೊಂದೇ ಅಕ್ಷರವನ್ನು ನಕಲು ಮಾಡಿದ ವಿದ್ವಾಂಸರು ತಾವು ಮಾಡುತ್ತಿರುವುದು ಸಂಶೋಧನೆಯೆಂದೇ ಭಾವಿಸಿದ್ದಾರು. ಆದರೆ ಮಸುಕಾದ ಹೆಸರೊಂದನ್ನು ಕೂಡಿಸಿ ಓದಿ, ಸರಿಯೇ ಎಂದು ಮತ್ತೊಮ್ಮೆ ಉಚ್ಚರಿಸಿ ನೋಡುವಾಗ, ಏಳುನೂರು ವರ್ಷಗಳ ಹಿಂದೆ ಒಬ್ಬ ರೈತ ತನ್ನ ಮರವನ್ನು ಕೊಟ್ಟು ಕೇಳಿಕೊಂಡದ್ದನ್ನೇ ಅವರು ನಡೆಸಿಕೊಟ್ಟಿರುತ್ತಾರೆ.