ಕಾಫಿ ಸೀಮೆಯ ಚಳಿಗೆ ಬೈಕಿನಲ್ಲಿ ಹೊರಟಿದ್ದೀರಾ?

ನಿಮ್ಮ ಮನೆಯಲ್ಲೂ ಬೀರುವಿನ ಮೇಲೊಂದು ಹಳೇ ಟ್ರಂಕು, ಅದರೊಳಗೆ ನುಸಿಗುಳಿಗೆ ವಾಸನೆ ಹಿಡಿದ ನಾಲ್ಕಾರು ಸ್ವೆಟರು ಇದ್ದೇ ಇರುತ್ತವೆ, ಅಲ್ಲವೇ? ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವನ್ನೆಲ್ಲ ಕೆಳಗಿಳಿಸಿ, ಬಿಸಿಲಿಗೆ ಹಾಕಿ, ತೋಳು ಗಿಡ್ಡವಾಯಿತೇ ಎಂದು ಮಕ್ಕಳ ಬೆನ್ನಿಗೆ ಹಿಡಿದು ನೋಡುವುದು ನಮ್ಮೆಲ್ಲರ ಮನೆಯ ಪದ್ಧತಿ. ನಾನಂತೂ ಸ್ವೆಟರಿನ ಹುಚ್ಚಿನವಳು. ಒಂದು ಕಾಲದಲ್ಲಿ ಬಸ್ಸಿನಲ್ಲಿ ಕೂತರೂ ಕೈಯಲ್ಲಿ ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ. ಆ ನನ್ನ ಸ್ವೆಟರೇ ಒಂದು ದಿನ ನನಗೆ ಪಾಠ ಕಲಿಸಿತು. ಅದನ್ನೇ ಇವತ್ತು ನಿಮಗೆ ಹೇಳಬೇಕು.

ನಮ್ಮದು ಕಡೂರು. ಜಿಲ್ಲೆ ಚಿಕ್ಕಮಗಳೂರೇ ಆದರೂ ನಮ್ಮದು ಬಯಲುಸೀಮೆ, ತೆಂಗಿನ ತೋಟ, ಒಣ ಗಾಳಿ. ನಾದಿನಿಯನ್ನು ಕೊಟ್ಟಿರುವುದು ಕಳಸಕ್ಕೆ. ಸುಮಾರು ಹತ್ತು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಅವಳ ಮಗುವಿನ ನಾಮಕರಣ. ಬಸ್ಸಾದರೆ ಎರಡು ಕಡೆ ಇಳಿದು ಹತ್ತಬೇಕು, ಹೊತ್ತಾಗುತ್ತದೆ ಎಂದು ನಮ್ಮ ಮನೆಯವರು ಬೈಕ್ ತೆಗೆದರು. ಹಿಂದೆ ನಾನು, ಮುಂದೆ ಟ್ಯಾಂಕಿನ ಮೇಲೆ ಐದು ವರ್ಷದ ಮಗ. ಅವನ ಮೈಮೇಲೆ ನಾನು ಎರಡು ತಿಂಗಳು ಕೂತು ಹೆಣೆದ ಹಸಿರು ಸ್ವೆಟರು, ಎದೆಯ ಮೇಲೆ ಜಾಲರಿ ಡಿಸೈನು. ತಲೆಗೆ ಮಂಕಿಕ್ಯಾಪು. “ಇಷ್ಟು ಬೆಚ್ಚಗಿದ್ದರೆ ಇನ್ನೇನು ಬೇಕು?” ಎಂದುಕೊಂಡೇ ಬೆಳಗಿನ ಜಾವ ಐದಕ್ಕೆ ಹೊರಟೆವು.

ಸಖರಾಯಪಟ್ಟಣ ದಾಟಿ ಚಿಕ್ಕಮಗಳೂರು ಮುಟ್ಟುವ ಹೊತ್ತಿಗೆ ಪೂರ್ವಕ್ಕೆ ಬೆಳಕು ಹರಿಯುತ್ತಿತ್ತು. ಆ ಹೊತ್ತಿನಲ್ಲಿ ಊರಿನ ಹಿಂದೆ ಗಿರಿಯ ಸಾಲು ನೋಡಬೇಕು ನೀವು. ಕರ್ನಾಟಕದಲ್ಲೇ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದು ಅಲ್ಲೇ, 1,930 ಮೀಟರ್. ಪಕ್ಕದ ಬಾಬಾಬುಡನ್ ಗಿರಿಯಲ್ಲೇ ನಮ್ಮ ದೇಶದ ಮೊದಲ ಕಾಫಿ ಬೀಜ ಬಿತ್ತಿದ್ದು, ಬಾಬಾಬುಡನ್ ಅವರು ಅರಬ್ಬರ ನಾಡಿನಿಂದ ಏಳು ಬೀಜ ತಂದರು ಎಂಬ ಕಥೆ ನಿಮಗೂ ಗೊತ್ತಿರುತ್ತದೆ. ಊರೇ ಸಾವಿರ ಮೀಟರಿಗಿಂತ ಮೇಲಿದೆ. ಮೇಲೆ ಹೋದಷ್ಟೂ ಚಳಿ. ಸಾವಿರ ಮೀಟರಿಗೆ ಹೆಚ್ಚುಕಡಿಮೆ ಆರು ಡಿಗ್ರಿ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಲೆಕ್ಕ.

ಅಲ್ಲಿಂದ ಮೂಡಿಗೆರೆಗೆ ಮೂವತ್ತು ಕಿಲೋಮೀಟರು. ರಸ್ತೆಯ ಎರಡೂ ಕಡೆ ಸಿಲ್ವರ್ ಓಕ್ ಮರಗಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪಗೆ ಹಣ್ಣಾದ ಅರೇಬಿಕಾ ಗಿಡ. ಕೊಯ್ಲಿನ ಕಾಲ. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ರಸ್ತೆ ಬದಿಯಲ್ಲಿ ತರಗೆಲೆಗೆ ಬೆಂಕಿ ಹಾಕಿ ಕೈ ಕಾಯಿಸುತ್ತ ನಿಂತಿದ್ದರು. ನೋಡಲು ಎಷ್ಟು ಚೆಂದ! ಆದರೆ ಒಂದೊಂದು ಇಳಿಜಾರಿನಲ್ಲಿ, ಹಳ್ಳದ ಸೇತುವೆ ಬಂದ ಕೂಡಲೇ, ಯಾರೋ ತಣ್ಣೀರು ಎರಚಿದ ಹಾಗೆ ಚಳಿ ಬಡಿಯುತ್ತಿತ್ತು. ತಣ್ಣನೆಯ ಗಾಳಿ ಭಾರ. ರಾತ್ರಿಯಿಡೀ ಗುಡ್ಡದಿಂದ ಇಳಿದು ತಗ್ಗಿನಲ್ಲಿ, ಗದ್ದೆಬಯಲಿನಲ್ಲಿ ನಿಂತಿರುತ್ತದೆ. ಗುಡ್ಡದ ಮೇಲಿಗಿಂತ ಹಳ್ಳದಲ್ಲೇ ಹೆಚ್ಚು ಚಳಿ ಯಾಕೆ ಎಂದು ಆಮೇಲೆ ತಿಳಿಯಿತು.

ಮೂಡಿಗೆರೆಯಲ್ಲಿ ನಿಲ್ಲಿಸಿ “ಚಳಿ ಆಗ್ತಿದ್ಯೇನೋ ಪುಟ್ಟಾ?” ಎಂದು ಕೇಳಿದೆ. “ಹೂಂ, ಸ್ವಲ್ಪ” ಅಂದ. ಕ್ಯಾಪು ಸರಿಮಾಡಿ ಹೊರಟೆವು. ಅಲ್ಲಿಂದ ಮುಂದೆ ಕಾವಳ. ಹತ್ತು ಮಾರು ದೂರದ ರಸ್ತೆ ಕಾಣದಷ್ಟು. ಮಳೆಯೇನೂ ಇಲ್ಲ, ಆದರೂ ರೆಪ್ಪೆಯ ಮೇಲೆಲ್ಲ ಹನಿ. ದಾರಿಯುದ್ದಕ್ಕೂ ಹಾಡು ಹೇಳುತ್ತಿದ್ದ ಮಗ ಸುಮ್ಮನಾದ. ನಿದ್ದೆ ಬಂತೇನೋ, ಮಲಗಲಿ ಎಂದುಕೊಂಡೆ. ತಾಯಿಯಾಗಿ ನಾನು ಮಾಡಿದ ತಪ್ಪು ಅದು.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಎಂದು ಇಳಿದರೆ, ಮಗು ನಿಲ್ಲಲಿಲ್ಲ, ಕಾಲು ಮಡಚಿ ಕುಸಿದ. ತುಟಿ ನೀಲಿ, ಕೈ ಕಲ್ಲಿನಷ್ಟು ತಣ್ಣಗೆ. ಕರೆದರೆ ಏನೋ ತೊದಲಿದ, ಮಾತು ಸ್ಪಷ್ಟವಿಲ್ಲ. ಸ್ವೆಟರು ಮುಟ್ಟಿ ನೋಡುತ್ತೇನೆ, ಒಳಗಿನ ಅಂಗಿಯವರೆಗೂ ಒದ್ದೆ! ಇವರಿಗೋ ಬೆರಳು ಸೆಟೆದುಕೊಂಡು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲೂ ಬರುತ್ತಿಲ್ಲ. ಅದೇ ಬೆರಳಲ್ಲಿ ತಿರುವಿನಲ್ಲಿ ಬ್ರೇಕು ಹಿಡಿಯುತ್ತಿದ್ದರು ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹೋಟೆಲಿನ ಹೆಂಗಸು ಒಳಗಿನಿಂದ ಓಡಿ ಬಂದರು. “ಎಂತ ಮಾರಾಯ್ತಿ ನೀನು, ಈ ಚಳೀಲಿ ಮಗೂನ ಮುಂದೆ ಕೂರ್ಸೋದಾ? ಮೊದ್ಲು ಆ ಒದ್ದೆ ಬಟ್ಟೆ ತೆಗಿ!” ಎಂದು ಗದರಿದರು. ನಾನು ಅವನ ಕೈಯನ್ನು ಒಲೆಯ ಹತ್ತಿರ ಹಿಡಿಯಲು ಹೋದರೆ ಅದಕ್ಕೂ ಬೈದರು. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ, ಸುಟ್ಟು ಹೋಗುತ್ತದೆ. ಮೈ ಒರೆಸಿ, ಒಣ ಬಟ್ಟೆ ಸುತ್ತಿ, ನನ್ನ ಎದೆಗೆ ಒತ್ತಿಸಿ, ಮೇಲೆ ಅವರದೇ ಕಂಬಳಿ ಹೊದಿಸಿದರು. ಸ್ವಲ್ಪ ಎಚ್ಚರಾಗಿ ನುಂಗಲು ಬಂದ ಮೇಲೆ ಉಗುರುಬೆಚ್ಚಗಿನ ಹಾಲಿಗೆ ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆವು. ಮೊದಲು ನಡುಕ ಹತ್ತಿತು. “ನಡುಗ್ಲಿ ಬಿಡು, ಒಳ್ಳೇದು ಅದು” ಅಂದರು. ಅರ್ಧ ಗಂಟೆ ಕಳೆದ ಮೇಲೆ ಮಗ ಕಣ್ಣರಳಿಸಿ “ಅಮ್ಮಾ, ದೋಸೆ” ಅಂದ. ಎರಡು ದೋಸೆ ತಿಂದ. ನಾನು ಮಾತ್ರ ಒಂದು ತುತ್ತೂ ತಿನ್ನಲಾರದೆ ಅಳುತ್ತ ಕೂತಿದ್ದೆ.

“ಇಷ್ಟು ದಪ್ಪ ಉಲ್ಲನ್ ಹಾಕಿದ್ದೆನಲ್ಲ!” ಎಂದು ನಾನು ಕೇಳಿದ್ದಕ್ಕೆ ಆಕೆ ಸ್ವೆಟರನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. ಆ ಜಾಲರಿ ಡಿಸೈನಿನ ತೂತಿನಿಂದ ಹೊರಗಿನ ರಸ್ತೆ ಕಾಣುತ್ತಿತ್ತು. “ಇದು ಜರಡಿ ಅಲ್ವಾ?” ಅಂದರು, ಅಷ್ಟೇ.

ನೋಡಿ, ಮನೆಯಲ್ಲಿ ಕೂತಾಗ ಸ್ವೆಟರು ಬೆಚ್ಚಗಿಡುವುದು ಉಲ್ಲನ್ನಿನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು. ಮೈಯ ಶಾಖಕ್ಕೆ ಆ ಗಾಳಿ ಬೆಚ್ಚಗಾಗಿ ನಿಲ್ಲುತ್ತದೆ. ಬೈಕು ಓಡಿದರೆ ಎದುರುಗಾಳಿ ಆ ಬೆಚ್ಚನೆ ಗಾಳಿಯನ್ನೇ ಹೊಡೆದುಕೊಂಡು ಹೋಗುತ್ತದೆ. ಹವಾಮಾನದವರ ಲೆಕ್ಕದಲ್ಲಿ 10 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬಡಿದರೆ, ತೆರೆದ ಚರ್ಮಕ್ಕೆ ಅದು 6 ಡಿಗ್ರಿಯಷ್ಟು ತಾಗುತ್ತದೆ. ಬಟ್ಟೆ ಒದ್ದೆಯಾದರೆ ಕೇಳಲೇಬೇಡಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾದರೆ ಸ್ವೆಟರು ಬೇಡವೇ? ಬೇಕು, ಖಂಡಿತ ಬೇಕು. ಆದರೆ ಅದರ ಮೇಲೆ ಗಾಳಿ ತಡೆಯುವ ಒಂದು ಹೊದಿಕೆಯೂ ಬೇಕು. ಬೈಕಿಗೆ ದಪ್ಪ ಮುಖ್ಯವಲ್ಲ, ಗಾಳಿ ತಡೆಯುವುದು ಮುಖ್ಯ.

ಮಲೆನಾಡಿನವರಿಗೆ ಇದು ಹಿಂದಿನಿಂದಲೂ ಗೊತ್ತು. ಅವರ ಕಂಬಳಿ ಕೊಪ್ಪೆ ನೋಡಿ. ಕುರಿಯ ಉಣ್ಣೆಯನ್ನು ಒತ್ತಾಗಿ ನೇಯ್ದದ್ದು. ನೇಯುವಾಗ ನೂಲಿಗೆ ಹುಣಸೆಬೀಜದ ಗಂಜಿ ಕೊಡುತ್ತಾರೆ. ಗಾಳಿ, ಹನಿ ಸುಲಭಕ್ಕೆ ನುಗ್ಗುವುದಿಲ್ಲ. ಆದರೆ ಬೈಕಿನ ಮೇಲೆ ಮಾತ್ರ ಕಂಬಳಿ, ಶಾಲು ಬೇಡಿ. ಹಾರಿ ಚಕ್ರಕ್ಕೆ ಸಿಕ್ಕರೆ ಗತಿ ಏನು?

ಅಂದು ಆ ಹೆಂಗಸು ಇವರ ಅಂಗಿಯೊಳಗೆ, ಎದೆಗೆ, ನಾಲ್ಕು ಪದರ ಹಳೇ ಪೇಪರು ಇಟ್ಟು ಮೇಲೆ ರೇನ್‌ಕೋಟು ಹಾಕಿಸಿ ಕಳಿಸಿದರು. ನಗಬೇಡಿ! ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯದಲ್ಲಿ ಬೆಟ್ಟದ ತುದಿ ತಲುಪಿದ ಸವಾರರೂ ಇಳಿಯುವ ಮೊದಲು ಎದೆಗೆ ಪೇಪರು ತುರುಕಿಕೊಳ್ಳುತ್ತಿದ್ದರು. ನಾನು, ಮಗ ಕಳಸದ ಬಸ್ಸು ಹತ್ತಿದೆವು.

ಇನ್ನು ಬಟ್ಟೆ ಆರಿಸುವ ವಿಷಯ. ಒಂದೊಂದಾಗಿ ಹೇಳುತ್ತೇನೆ.

ಮೈಗೆ ತಾಗುವ ಬಟ್ಟೆ ಒಣಗಿರಬೇಕು. ಹತ್ತಿ ಬನಿಯನ್ ಬೆವರು, ಹನಿ ಕುಡಿದು ತಣ್ಣಗಾಗುತ್ತದೆ. ತೆಳು ಉಣ್ಣೆಯದೋ, ಬೇಗ ಒಣಗುವ ಬಟ್ಟೆಯದೋ ಇದ್ದರೆ ಉತ್ತಮ. ಇಲ್ಲದಿದ್ದರೆ ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟುಕೊಳ್ಳಿ. ಅದರ ಮೇಲೆ ಸ್ವೆಟರು. ನೀವೇ ಹೆಣೆಯುವುದಾದರೆ ಬೈಕಿಗೆ ಜಾಲರಿ ಡಿಸೈನು ಬೇಡ, ಒತ್ತಾಗಿ ಹೆಣೆಯಿರಿ, ಕತ್ತು ಎತ್ತರವಿರಲಿ. ಚಳಿಗಾಲಕ್ಕೆ ಟಿಬೆಟನ್ನರು ಬಂದು ಹಾಕುವ ಅಂಗಡಿಯಲ್ಲಿ ಕೊಂಡರೂ ಇದೇ ಮಾತು.

ಮೂರನೆಯದು ಮೇಲುಹೊದಿಕೆ: ರೆಕ್ಸಿನ್ ಜಾಕೆಟ್, ವಿಂಡ್‌ಚೀಟರ್, ಏನೂ ಇಲ್ಲದಿದ್ದರೆ ಮಳೆಗಾಲದ ರೇನ್‌ಕೋಟೇ ಸಾಕು. ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಆಚೆ ಅಂಗೈ ಇಟ್ಟು ನೋಡಿ. ಉಸಿರು ತಾಗಿದರೆ ಗಾಳಿಯೂ ತೂರುತ್ತದೆ. ಅಂಗಡಿಯವನು ನಕ್ಕರೆ ನಗಲಿ. ಅಳತೆ ಸ್ವಲ್ಪ ಸಡಿಲ ಇರಲಿ. ಒಳಗಿನ ಸ್ವೆಟರು ಅದುಮಿ ಹೋದರೆ ಬೆಚ್ಚಗಿಡುವ ಗಾಳಿಗೆ ಜಾಗವೇ ಇರುವುದಿಲ್ಲ. ಜಿಪ್ಪಿನ ಹಿಂದೆ ಒಂದು ಪಟ್ಟಿ, ತೋಳಿನ ತುದಿಗೆ ಎಲಾಸ್ಟಿಕ್ ಇದೆಯೇ ನೋಡಿ. ಬಣ್ಣ ಹಳದಿಯೋ ಬಿಳಿಯೋ ಇರಲಿ. ಕಾವಳದಲ್ಲಿ ಕಪ್ಪು ಜಾಕೆಟ್ ಎದುರಿನ ಜೀಪಿನವನಿಗೆ ಕಾಣುವುದೇ ಇಲ್ಲ.

ಓಡಿಸುವವರಿಗೆ ಕೈ, ಮೊಣಕಾಲು ಮುಖ್ಯ. ಒಳಗೆ ಉಲ್ಲನ್ ಕೈಗವಸು, ಮೇಲೆ ಚರ್ಮದ್ದೋ ರೆಕ್ಸಿನ್ನಿನದೋ. ಬೆರಳು ಮಡಚಿ ಬ್ರೇಕು ಹಿಡಿಯಲು ಬರುತ್ತದೆಯೇ ಎಂದು ನೋಡಿಯೇ ಕೊಳ್ಳಿ. ಶೂಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಉಣ್ಣೆಯದು ಒಂದೇ ಜೊತೆ ಸಾಕು. ಹೆಲ್ಮೆಟ್ಟಿನ ಒಳಗೆ ದಪ್ಪ ಮಂಕಿಕ್ಯಾಪು ಬೇಡ, ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ತೆಳು ಬಟ್ಟೆ ಕಟ್ಟಿ. ಹಿಂದೆ ಕೂರುವ ನಮಗೂ ಹೆಲ್ಮೆಟ್ ಬೇಕೇ ಬೇಕು.

ಹಿಂದೆ ಕೂರುವ ಸೋದರಿಯರಿಗೆ ಇನ್ನೊಂದು ಮಾತು. ಚೂಡಿದಾರವಾದರೆ ದುಪ್ಪಟ್ಟ ಜಾಕೆಟ್ಟಿನ ಒಳಗೆ. ಸೀರೆಯಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್ ಹಾಕಿ. ಮಫ್ಲರಿನ ತುದಿ ಹೊರಗೆ ನೇತಾಡಬಾರದು. ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡ್ ಇರುವುದು ಅಲಂಕಾರಕ್ಕಲ್ಲ. 1989ರ ಮೋಟಾರು ವಾಹನ ನಿಯಮದಲ್ಲೇ ಅದು ಇರಬೇಕೆಂದಿದೆ. ಚೆಂದ ಕಾಣುವುದಿಲ್ಲ ಎಂದು ಹುಡುಗರು ಬಿಚ್ಚಿಸಿದರೆ ಮತ್ತೆ ಹಾಕಿಸಿ. ಇನ್ನು, ಚಳಿಗೆ ಒಂದು ಗುಟುಕು ಹಾಕಿದರೆ ಬೆಚ್ಚಗಾಗುತ್ತದೆ ಎಂದು ಗಂಡಸರು ಹೇಳಿದರೆ ಕೇಳಬೇಡಿ. ಅದು ಚರ್ಮಕ್ಕೆ ರಕ್ತ ನುಗ್ಗಿಸಿ ಒಳಗಿನ ಶಾಖವನ್ನೇ ಹೊರಗೆ ಕಳೆಯುತ್ತದೆ, ಅಪಘಾತದ ಮಾತು ಬೇರೆ.

ಮಕ್ಕಳ ವಿಷಯಕ್ಕೆ ಬಂದರೆ, ಕಾನೂನು ಬೈಕಿಗೆ ಇಬ್ಬರನ್ನೇ ಒಪ್ಪುತ್ತದೆ. ನಾವು ಮೂವರು ಹೋದದ್ದೇ ತಪ್ಪು. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಸವಾರರಿಗೆ ಕಟ್ಟುವ ಬೆಲ್ಟು, 40 ಕಿ.ಮೀ. ಮೀರದ ವೇಗ ಎಂದು 2022ರಲ್ಲಿ ನಿಯಮ ಬಂದಿದೆ. ಟ್ಯಾಂಕಿನ ಮೇಲೆ ಕೂರಿಸಿದರೆ ಪೂರ್ತಿ ಗಾಳಿಗೆ ಮಗುವೇ ಅಡ್ಡ. ದೊಡ್ಡ ಮಕ್ಕಳಾದರೂ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಮಾತಾಡಿಸಿ. ಚಳಿಯಲ್ಲಿ ಮಗು ಸುಮ್ಮನಾದರೆ ನಿದ್ದೆ ಎಂದುಕೊಳ್ಳಬೇಡಿ. ನಡುಕ ನಿಂತು, ತೊದಲಿದರೆ, ತೂಕಡಿಸಿದರೆ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಸುತ್ತಿ ತಡಮಾಡದೆ ಡಾಕ್ಟರ ಹತ್ತಿರ ಒಯ್ಯಿರಿ.

ಇಷ್ಟು ಹೇಳಿದೆನೆಂದು ಪ್ರಯಾಣವನ್ನೇ ಬಿಡಬೇಡಿ. ಆ ದಾರಿ ನೋಡದಿದ್ದರೆ ನಷ್ಟ ನಿಮಗೇ! ಒಂಬತ್ತು ಗಂಟೆಯ ಮೇಲೆ, ಕಾವಳ ಎದ್ದ ಮೇಲೆ ಮೂಡಿಗೆರೆ ಬಿಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ. ಅಲ್ಲಿ ಒಂದು ದಾರಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ, ಇನ್ನೊಂದು ಕಳಸಕ್ಕೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಅಲ್ಲೇ ಇದೆ. ಮುಂದೆ ಜಾವಳಿಯಲ್ಲಿ ಹೇಮಾವತಿ ಹುಟ್ಟುವ ಜಾಗ. ಅಷ್ಟು ದೊಡ್ಡ ಹೊಳೆ ಅಲ್ಲಿ ಬೊಗಸೆ ನೀರು. ಕೆಳಗೂರಿನ ಕಡೆ ಕಾಫಿ ಹೋಗಿ ಟೀ ತೋಟ, ಹಸಿರು ಜಮಖಾನೆ ಹಾಸಿದ ಹಾಗೆ. ಕಳಸದಲ್ಲಿ ಭದ್ರೆಯ ದಡ, ಕಳಸೇಶ್ವರನ ದರ್ಶನ, ಅಲ್ಲಿಂದ ಎಂಟು ಕಿಲೋಮೀಟರಿಗೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಪ್ರಸಾದ.

ನಾವೂ ವರ್ಷಕ್ಕೊಮ್ಮೆ ಈಗಲೂ ಹೋಗುತ್ತೇವೆ, ಇಬ್ಬರೇ, ಹಳದಿ ಜಾಕೆಟ್ ಹಾಕಿಕೊಂಡು. ಹೈಸ್ಕೂಲು ಹುಡುಗನಾದ ಮಗ ಬಸ್ಸಿನಲ್ಲಿ ಬರುತ್ತಾನೆ. ಆ ಹಸಿರು ಸ್ವೆಟರು ಅವನಿಗೆ ಆಗುವುದಿಲ್ಲ, ಆದರೂ ಟ್ರಂಕಿನಲ್ಲಿ ಇಟ್ಟಿದ್ದೇನೆ. ಪ್ರತಿ ಚಳಿಗಾಲಕ್ಕೂ ಬಿಸಿಲಿಗೆ ಹಾಕುವಾಗ ಒಮ್ಮೆ ಬೆಳಕಿಗೆ ಎತ್ತಿ ಹಿಡಿದು ನೋಡುತ್ತೇನೆ. ನೀವೂ ನಿಮ್ಮ ಟ್ರಂಕು ಇಳಿಸಿದಾಗ ಹಾಗೊಮ್ಮೆ ನೋಡಿ, ಆಮೇಲೆ ಹೊರಡಿ.