ಹಾಡಿಗೆಂದೇ ಒಂದು ಬಯಲು

ಹೆಲ್ಸಿಂಕಿಯಲ್ಲಿ ಹಡಗು ಹತ್ತಿ ಎರಡು ಗಂಟೆ ಕೂತರೆ ತಾಲಿನ್. ಅಷ್ಟು ಹೊತ್ತಿಗೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಬಸ್ಸಿನಲ್ಲಿ ಮುಟ್ಟಿದರೆ ಪುಣ್ಯ ಎನ್ನುವ ಊರಿನವನು ನಾನು. ಇಲ್ಲಿ ದೇಶವೇ ಬದಲಾಗಿದೆ. ಎಸ್ತೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ, ನಮ್ಮ ಮೈಸೂರು ಜಿಲ್ಲೆಯ ಅರ್ಧಕ್ಕೂ ಕಡಿಮೆ. ಜೂನ್ ತಿಂಗಳೆಂದು ನಂಬಿ ತೆಳು ಅಂಗಿ ತಂದಿದ್ದೇನೆ. ಬಂದರಿನ ಗಾಳಿ ಅದನ್ನು ಕಂಡು ನಗುತ್ತಿದೆ.

ಉಳಿದುಕೊಂಡ ಮನೆಯೊಡತಿಗೆ ಎಪ್ಪತ್ತರ ಆಸುಪಾಸು. ಮಾತು ಬಲು ಕಮ್ಮಿ. ಬೆಳಗ್ಗೆ ನನ್ನ ಮುಂದೆ ಒಂದು ಬಟ್ಟಲು ಇಟ್ಟು ‘ಕಾಮಾ’ ಎಂದರು. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು, ಹುಳಿಮಜ್ಜಿಗೆಯಲ್ಲಿ ಕಲಸಿದ್ದು. ಬಾಯಿಗಿಟ್ಟರೆ ಥೇಟ್ ನಮ್ಮ ಹುರಿಹಿಟ್ಟು! ನಾಲ್ಕು ಸಾವಿರ ಮೈಲಿ ಹಾರಿ ಬಂದದ್ದು ಅಜ್ಜಿಯ ಅಡುಗೆಮನೆಗೋ ಎನ್ನಿಸಿತು.

ಟ್ರಾಮ್ ಹತ್ತಿ ಎದುರು ದಿಕ್ಕಿಗೆ ಹೋದೆ. ‘ಹೋಲ್ಡಾನ್’ ಎಂದು ಕೂಗಲು ಕಂಡಕ್ಟರೂ ಇಲ್ಲ. ಇಳಿದು, ಮತ್ತೆ ಹತ್ತಿ, ಕಾದ್ರಿಓರ್ಗ್ ಉದ್ಯಾನದ ಮರಗಳ ನಡುವೆ ಮಳೆಯಲ್ಲಿ ನೆನೆಯುತ್ತ ನಡೆದರೆ, ಇದ್ದಕ್ಕಿದ್ದಂತೆ ಎದುರಿಗೆ ‘ಲೌಲುವಾಲ್ಯಕ್’. ಹೆಸರನ್ನು ಕನ್ನಡಿಸಿದರೆ ಹಾಡುಬಯಲು.

ನಮ್ಮಲ್ಲಿ ಸಂತೆಗೆ ಬಯಲಿದೆ, ಜಾತ್ರೆಗೆ ಬಯಲಿದೆ, ಕ್ರಿಕೆಟ್ಟಿಗಂತೂ ಇದ್ದೇ ಇದೆ. ಹಾಡುವುದಕ್ಕೆಂದೇ ಇಷ್ಟು ದೊಡ್ಡ ಜಾಗ ಬಿಟ್ಟುಕೊಂಡ ಊರನ್ನು ನಾನು ಕಂಡಿರಲಿಲ್ಲ. ಹಸಿರು ಇಳಿಜಾರು, ತಳದಲ್ಲಿ 1960ರಲ್ಲಿ ಕಟ್ಟಿದ ಬೃಹತ್ ಕಮಾನು, ಅದರಾಚೆ ಬೂದು ಸಮುದ್ರ. ಕಮಾನಿನ ಕೆಳಗೆ ಮೆಟ್ಟಿಲೋ ಮೆಟ್ಟಿಲು. ಅಲ್ಲಿ ಸಾವಿರಾರು ಜನ ನಿಂತು ಹಾಡುತ್ತಾರೆ. 1869ರಲ್ಲಿ ತಾರ್ತು ಊರಿನಲ್ಲಿ ಶುರುವಾದ ಹಾಡಿನ ಹಬ್ಬ ಈಗ ಇಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ. ಇವತ್ತು ಹಬ್ಬವಿಲ್ಲ. ಒಬ್ಬ ಮಾಲಿ, ಎರಡು ಕಾಗೆ, ನಾನು.

ಇಳಿಜಾರಿನ ನೆತ್ತಿಯ ಮೇಲೆ ಕಂಚಿನ ಮನುಷ್ಯನೊಬ್ಬ ವೇದಿಕೆ ನೋಡುತ್ತ ಕೂತಿದ್ದಾನೆ: ಗುಸ್ತಾವ್ ಎರ್ನೆಸಾಕ್ಸ್. ಲಿಡಿಯಾ ಕೊಯ್ದುಲಾ ಎಂಬ ಕವಯಿತ್ರಿಯ ನಾಡಪ್ರೇಮದ ಕವಿತೆಗೆ 1944ರಲ್ಲಿ ಹೊಸ ರಾಗ ಕೂಡಿಸಿದವರು. ಅದು ಹಾಡುವ ಕಾಲವೇ? ಯುದ್ಧ, ಅದರ ಬೆನ್ನಿಗೇ ಸೋವಿಯತ್ ಆಳ್ವಿಕೆ. 1949ರ ಮಾರ್ಚಿನಲ್ಲಿ ಕೆಲವೇ ದಿನಗಳಲ್ಲಿ 20,000ಕ್ಕೂ ಹೆಚ್ಚು ಜನರನ್ನು ಸೈಬೀರಿಯಾದತ್ತ ರೈಲು ಹತ್ತಿಸಿದರು. ಮರುವರ್ಷ ಹಬ್ಬದ ಪ್ರಮುಖ ಸಂಗೀತ ನಿರ್ದೇಶಕರಲ್ಲೇ ಮೂವರು ಸೆರೆಮನೆಗೆ ಹೋದರು. ಎರ್ನೆಸಾಕ್ಸರ ಹಾಡು ಕಾರ್ಯಕ್ರಮ ಪಟ್ಟಿಯಿಂದ ಮಾಯವಾಯಿತು. 1960ರಲ್ಲಿ ಪಟ್ಟಿಯಲ್ಲಿಲ್ಲದ ಆ ಹಾಡನ್ನು ಜನರೇ ಎತ್ತಿಕೊಂಡರು. ಪಟ್ಟಿ ಯಾರದ್ದಾದರೇನು, ಗಂಟಲು ತಮ್ಮದಲ್ಲವೇ! ಕಂಚಿನ ಮೊಣಕಾಲಿಗೆ ಒರಗಿ ಮಳೆ ನಿಲ್ಲುವುದನ್ನು ಕಾದೆ.

ಸಂಜೆ ಮನೆಯೊಡತಿಯನ್ನು ಕೇಳಿದೆ. 1988ರ ಜೂನ್ ರಾತ್ರಿಗಳಲ್ಲಿ ಜನ ಈ ಬಯಲಿಗೆ ತಾವಾಗಿ ಬಂದು, ನಿಷೇಧವಾಗಿದ್ದ ನೀಲಿ-ಕಪ್ಪು-ಬಿಳಿ ಬಾವುಟ ಬೀಸುತ್ತ ಬೆಳಕು ಹರಿಯುವವರೆಗೆ ಹಾಡಿದರಂತಲ್ಲ, ನೀವೂ ಇದ್ದಿರಾ?

“ಎಲ್ಲರೂ ಇದ್ವಿ. ಚಳಿ ಇತ್ತು. ಮಗನಿಗೆ ಸ್ವೆಟರ್ ತಂದಿರಲಿಲ್ಲ.”

ಅಷ್ಟೇ. ಆ ಸೆಪ್ಟೆಂಬರಿನಲ್ಲಿ ಇದೇ ಬಯಲಲ್ಲಿ ಸುಮಾರು ಮೂರು ಲಕ್ಷ ಜನ, ಅಂದರೆ ನಾಡಿನ ಐವರಲ್ಲಿ ಒಬ್ಬರು, ಸೇರಿದ್ದರು. ಮೂರು ವರ್ಷದ ನಂತರ ದೇಶ ಸ್ವತಂತ್ರವಾಯಿತು. ನಾನು ಹೋರಾಟದ ಕಥೆಗೆ ಕಿವಿ ನಿಮಿರಿಸಿ ಕೂತಿದ್ದರೆ ಇವರು ಸ್ವೆಟರಿನ ಬಗ್ಗೆ ಇನ್ನೂ ಪೇಚಾಡುತ್ತಿದ್ದಾರೆ. ತಟ್ಟೆ ತೊಳೆದಿಟ್ಟು, “ಬಾ, ಇವತ್ತು ನಮ್ಮ ಅಭ್ಯಾಸ ಇದೆ” ಎಂದರು.

ಶಾಲೆಯೊಂದರ ಕೊಠಡಿ. ಬಸ್ ಡ್ರೈವರ್, ದಂತವೈದ್ಯೆ, ತರಕಾರಿ ಮಾರುವವರು. ನಮ್ಮಲ್ಲಾದರೆ ಭಜನಾ ಮಂಡಳಿ ಎಂದುಬಿಡಬಹುದು. ಆದರೆ ನಾವು ಒಂದೇ ರಾಗದ ಹಿಂದೆ ಎಲ್ಲರೂ ಓಡುತ್ತೇವೆ, ಇವರು ನಾಲ್ಕು ದಾರಿಯಲ್ಲಿ ಹೋಗಿ ಒಂದೇ ಕಡೆ ಸೇರುತ್ತಾರೆ. ಮೂಲೆಯಲ್ಲಿ ಅಡಗಿ ಕೂತರೂ ಬಿಡಲಿಲ್ಲ. ನಿಮ್ಮೂರಿನದೊಂದು ಹಾಡಿ ಎಂದರು. ಬಚ್ಚಲುಮನೆ ಬಿಟ್ಟು ಬೇರೆಲ್ಲೂ ಹಾಡಿದವನಲ್ಲ ನಾನು. ನೆನಪಿಗೆ ಬಂದದ್ದು ಅಜ್ಜಿಯ ಬೀಸುವ ಪದವೊಂದೇ. ತಾತ ತೀರಿಕೊಂಡ ವರ್ಷ ಡಬ್ಬದ ತುಂಬ ರಾಗಿಹಿಟ್ಟು ಇರುತ್ತಿದ್ದರೂ ಅಜ್ಜಿ ನಸುಕಿಗೆದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. “ಹಿಟ್ಟು ಐತಲ್ಲವ್ವಾ” ಎಂದರೆ ಅಮ್ಮನಿಗೆ ಉತ್ತರ ಕೊಡುತ್ತಿರಲಿಲ್ಲ, ಪದ ಮುಂದುವರಿಯುತ್ತಿತ್ತು.

ಎರಡನೇ ಸಾಲಿಗೆ ನನ್ನ ದನಿ ನಡುಗಿತು. ಹಿಂದಿನಿಂದ ಡ್ರೈವರ್ ಮಹಾಶಯ ಮೆಲ್ಲಗೆ ‘ಮ್…’ ಎಂದು ಷಡ್ಜ ಹಿಡಿದರು. ಇನ್ನಿಬ್ಬರು ಸೇರಿದರು, ಆಮೇಲೆ ಎಲ್ಲರೂ. ಒಂದಕ್ಷರ ಕನ್ನಡ ಬಾರದ ಮೂವತ್ತು ಜನ ನನ್ನ ಅಜ್ಜಿಗೆ ತಂಬೂರಿಯಾಗಿ ನಿಂತಿದ್ದಾರೆ!

ರಾತ್ರಿ ಹನ್ನೊಂದು. ಕಿಟಕಿಯಾಚೆ ಇನ್ನೂ ಬೆಳಕಿದೆ, ನಿದ್ದೆ ಬರುವ ಮಾತಿಲ್ಲ. ಅಡುಗೆಮನೆಯಲ್ಲಿ ಮನೆಯೊಡತಿ ಬಟ್ಟಲು ಒರೆಸುತ್ತ ಅದೇ ಪದ ಗುನುಗುತ್ತಿದ್ದಾರೆ. ಒಂದು ಕಡೆ ತಪ್ಪುತ್ತದೆ. ಬೀಸುಕಲ್ಲು ಒಂದು ಸುತ್ತು ಮುಗಿಸುವಲ್ಲಿ ಅಜ್ಜಿ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗ ಅದು. ಇವರು ನಿಲ್ಲದೆ ದಾಟಿಹೋಗುತ್ತಾರೆ. ತಿದ್ದಲು ಹೋಗಲಿಲ್ಲ.